ಮಮ್ಮಿಯ ಎದೆಯಲ್ಲಿ ಹೃದಯ ಉಳಿದಿದ್ದು ಯಾಕೆ?

ಪ್ರಾಚೀನ ಈಜಿಪ್ಟಿನ ಪಾಠದಲ್ಲಿ ಹೆಸರುಗಳು ಜಾಸ್ತಿ. ಬಾಯಿಪಾಠ ಮಾಡಿದರೆ ಎರಡೇ ದಿನಕ್ಕೆ ಮರೆತುಹೋಗುತ್ತದೆ. ಒಂದು ಪ್ರಶ್ನೆ ಹಿಡಿದುಕೊಂಡು ಓದಿ: ಮಿದುಳನ್ನು ಬಿಸಾಡಿದವರು ಹೃದಯವನ್ನು ಮಾತ್ರ ಯಾಕೆ ದೇಹದಲ್ಲೇ ಬಿಟ್ಟರು?

ಮೊದಲು ಕೆಲಸ ನಡೆಯುತ್ತಿದ್ದ ರೀತಿ. ಸತ್ತವರ ದೇಹವನ್ನು ಕೊಳೆಯದಂತೆ ಮಮ್ಮಿ ಮಾಡಿ ಸಮಾಧಿಗೆ ಸಿದ್ಧಪಡಿಸಲು ಸುಮಾರು 70 ದಿನ ಹಿಡಿಯುತ್ತಿತ್ತು. ಮೂಗಿನೊಳಗೆ ಕೊಕ್ಕೆ ತೂರಿಸಿ ಮಿದುಳನ್ನು ಹೊರಗೆ ತೆಗೆಯುತ್ತಿದ್ದರು. ಅದನ್ನು ಯಾರೂ ಜೋಪಾನ ಮಾಡಲಿಲ್ಲ. ಆಮೇಲೆ ಹೊಟ್ಟೆಯ ಎಡಭಾಗ ಸೀಳಿ ಯಕೃತ್ತು, ಶ್ವಾಸಕೋಶ, ಜಠರ, ಕರುಳು ತೆಗೆದು ನಾಲ್ಕು ಜಾಡಿಗಳಲ್ಲಿ ಇಡುತ್ತಿದ್ದರು. ಮುಚ್ಚಳಗಳ ಮೇಲೆ ಕ್ರಮವಾಗಿ ಮನುಷ್ಯ, ಬಬೂನ್ ಕೋತಿ, ನರಿ, ಗಿಡುಗನ ತಲೆ. ಈ ನಾಲ್ವರೂ ಹೋರಸ್ ದೇವರ ಮಕ್ಕಳು.

ನಂತರ ದೇಹವನ್ನು ನೇಟ್ರಾನ್‌ನಲ್ಲಿ ಹೂತಿಡುತ್ತಿದ್ದರು. ಇದು ಸೋಡಾ, ಉಪ್ಪು ಬೆರೆತ ನೈಸರ್ಗಿಕ ಖನಿಜ. ವಾದಿ ನಟ್ರೂನ್ ಕಣಿವೆಯ ಕೆರೆಗಳ ದಡದಲ್ಲಿ ಸಿಗುತ್ತದೆ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಡುತ್ತದೆ ಅಲ್ವಾ, ಇಲ್ಲಿಯೂ ಹಾಗೆಯೇ. ಸುಮಾರು 40 ದಿನದಲ್ಲಿ ದೇಹ ಪೂರ್ತಿ ಒಣಗುತ್ತಿತ್ತು. ತೇವ ಇಲ್ಲದ ಕಡೆ ಕೊಳೆಸುವ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಉಳಿದ ದಿನಗಳಲ್ಲಿ ಎಣ್ಣೆ, ರಾಳ ಹಚ್ಚಿ ನಾರುಬಟ್ಟೆ ಸುತ್ತುವ ಕೆಲಸ. ಕ್ರಿ.ಪೂ. 1213ರಲ್ಲಿ ತೀರಿಕೊಂಡ ದೊರೆ ಇಮ್ಮಡಿ ರಾಮ್ಸೆಸ್‌ನ ಮೂಗಿನ ಹೊಳ್ಳೆಯಲ್ಲಿ ಕಾಳುಮೆಣಸು ಸಿಕ್ಕಿದೆ. ಮೆಣಸಿನ ಬಳ್ಳಿಯ ತವರು ನಮ್ಮ ದಕ್ಷಿಣ ಭಾರತ. ಇದನ್ನು ಓದಿದಾಗ ನನಗೆ ಮೈ ಜುಮ್ ಎಂದಿತ್ತು.

ಇಷ್ಟೆಲ್ಲ ಕಷ್ಟ ಯಾಕೆ? ಸಾವಿನ ಮೇಲೂ ದೇಹ ಬೇಕಿತ್ತು. 'ಬಾ' ಎಂಬುದು ಮನುಷ್ಯನ ತಲೆಯ ಹಕ್ಕಿ. ಹಗಲು ಎಲ್ಲಿ ಹಾರಿದರೂ ರಾತ್ರಿ ತನ್ನ ದೇಹಕ್ಕೇ ಮರಳಬೇಕು. 'ಕಾ' ಎಂಬ ಜೀವಶಕ್ತಿಗೆ ಊಟ ಬೇಕು, ಅದಕ್ಕೇ ಸಮಾಧಿಯಲ್ಲಿ ರೊಟ್ಟಿ, ಬಿಯರ್.

ಈಗ ಹೃದಯಕ್ಕೆ ಬರೋಣ. ಯೋಚನೆ, ನೆನಪು, ಗುಣ ಎಲ್ಲ ಇರುವುದು ಅಲ್ಲೇ ಎಂದು ಅವರು ನಂಬಿದ್ದರು. ಹಾಗಾಗಿ ಮನುಷ್ಯ ಬದುಕಿದ ರೀತಿಗೆ ಅದೇ ಸಾಕ್ಷಿ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆನಿ ಎಂಬ ಲಿಪಿಕಾರನ ಪಪೈರಸ್ ಸುರುಳಿಯಲ್ಲಿ, ಸತ್ತ ಮೇಲೆ ದೇವರುಗಳು ನಡೆಸುವ ವಿಚಾರಣೆಯ ಚಿತ್ರವಿದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಹೃದಯ, ಇನ್ನೊಂದರಲ್ಲಿ ಸತ್ಯದ ದೇವತೆ ಮಾತ್‌ಳ ಗರಿ. ನರಿತಲೆಯ ಅನುಬಿಸ್ ಮುಳ್ಳು ನೋಡುತ್ತಾನೆ. ಬರವಣಿಗೆಯ ದೇವರು ಥೋತ್ ಬರೆದುಕೊಳ್ಳಲು ನಿಂತಿದ್ದಾನೆ. ಅವನ ಹಿಂದೆಯೇ ಅಮ್ಮಿತ್ ಕಾಯುತ್ತಿದ್ದಾಳೆ: ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗ. ಹೃದಯ ತಪ್ಪುಗಳಿಂದ ಭಾರವಾಗಿದ್ದರೆ ಅದು ಅವಳ ಬಾಯಿಗೆ. ಆಮೇಲೆ ಮರುಬದುಕಿಲ್ಲ.

ಆ ಭಯ ಎಷ್ಟಿತ್ತೆಂದರೆ ಮಮ್ಮಿಯ ಎದೆಯ ಮೇಲೆ ಕಲ್ಲಿನಲ್ಲಿ ಕಡೆದ ಸಗಣಿಹುಳುವೊಂದನ್ನು ಇಡುತ್ತಿದ್ದರು. ಅದರ ಅಡಿಯಲ್ಲಿ ಸತ್ತವನು ತನ್ನ ಹೃದಯಕ್ಕೇ ಮಾಡಿಕೊಂಡ ಬೇಡಿಕೆ ಕೆತ್ತಿರುತ್ತದೆ: ನನ್ನ ತಾಯಿಯಿಂದ ಬಂದ ಹೃದಯವೇ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ.