ಗಾಳಿಕೊಳವೆಯ ಬೀಜಾಣು: ಉಣ್ಣೆ ಗಿರಣಿಯಿಂದ ಶಸ್ತ್ರಚಿಕಿತ್ಸಾ ಕೊಠಡಿಯವರೆಗೆ

ಬಳ್ಳಾರಿಯಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟಿದಾಗ ‘ಈ ಬಿಸಿಲಿಗೆ ಯಾವ ಕ್ರಿಮಿ ಉಳಿದೀತು’ ಎನ್ನುವವರಿದ್ದಾರೆ. ಬೀಜಾಣುಗಳ ಮಟ್ಟಿಗೆ ಈ ನಂಬಿಕೆ ಸಲ್ಲದು. ಆಹಾರ ಸಿಗದಾಗ ಕೆಲವು ಬ್ಯಾಕ್ಟೀರಿಯಾಗಳು ಗಟ್ಟಿ ಕವಚದೊಳಗೆ ಸುಪ್ತವಾಗಿ ಬೀಜಾಣುಗಳಾಗುತ್ತವೆ. ಅವು ಸಾಯಬೇಕಾದರೆ ಒತ್ತಡದ ಹಬೆಯಲ್ಲಿ 121 ಡಿಗ್ರಿ ಶಾಖವನ್ನು ಸುಮಾರು 15 ನಿಮಿಷ ಕೊಡಬೇಕಾಗುತ್ತದೆ. ಧನುರ್ವಾಯು, ಗಾಯವನ್ನು ಕೊಳೆಯಿಸುವ ಗ್ಯಾಸ್ ಗ್ಯಾಂಗ್ರೀನ್ ಮತ್ತು ಕುರಿಗಾರರು ಭಯಪಡುವ ನೆರಡಿ (ಆಂಥ್ರಾಕ್ಸ್) ರೋಗಗಳ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಧೂಳಿನೊಂದಿಗೆ ಮೇಲೇಳಬಲ್ಲವು.

ಈ ಸಮಸ್ಯೆಗೆ ಗಾಳಿಯ ಮೂಲಕ ಪರಿಹಾರ ಹುಡುಕಿದ ಮೊದಲಿಗರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದವರು ಸೇರುತ್ತಾರೆ. ಹೊರದೇಶಗಳಿಂದ ಬಂದ ಉಣ್ಣೆಯನ್ನು ವಿಂಗಡಿಸುತ್ತಿದ್ದ ಕಾರ್ಮಿಕರು 19ನೇ ಶತಮಾನದಲ್ಲಿ ಶ್ವಾಸಕೋಶದ ನೆರಡಿಗೆ ಬಲಿಯಾದರು. 1876ರಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ನೆರಡಿ ಬ್ಯಾಕ್ಟೀರಿಯಾದ ಬೀಜಾಣು ಹಂತವನ್ನು ವಿವರಿಸಿದ ಮೇಲೆ ರೋಗದ ಹಾದಿ ತಿಳಿಯಾಯಿತು. ವಿಂಗಡಿಸುವ ಮೇಜಿನ ಕೆಳಗಿಂದ ಫ್ಯಾನ್ ಮೂಲಕ ಧೂಳನ್ನು ಸೆಳೆಯುವ ವ್ಯವಸ್ಥೆ ಬಂದಿತು. ಕಾರ್ಮಿಕನ ಮೂಗಿಗೆ ಬರುವ ಮೊದಲೇ ಧೂಳು ಕೆಳಗಿಳಿಯಬೇಕೆಂಬ ಆ ಆಲೋಚನೆ ಇಂದಿಗೂ ಸರಿಯಾದದ್ದೇ ಆಗಿದೆ.

1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯ ವೇಳೆ ವಿಕಿರಣಶೀಲ ಕಣಗಳನ್ನು ಹಿಡಿಯಲು ರೂಪುಗೊಂಡ ಸೂಕ್ಷ್ಮ ನಾರಿನ ಫಿಲ್ಟರ್ ಮುಂದೆ ಹೆಪಾ ಎಂದು ಹೆಸರಾಯಿತು. 0.3 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಅದು ತಡೆಯುತ್ತದೆ. ನೆರಡಿಯ ಬೀಜಾಣು ಸುಮಾರು 1 ಮೈಕ್ರಾನ್ ಇರುವುದರಿಂದ ಅದಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಅತಿನೇರಳೆ ದೀಪಗಳನ್ನೂ ಗಾಳಿ ಸಾಗುವ ಕೊಳವೆಗಳಲ್ಲಿ ಅಳವಡಿಸುವುದುಂಟಾದರೂ, ದೀಪದ ಮುಂದೆ ಕ್ಷಣಮಾತ್ರದಲ್ಲಿ ಹಾದುಹೋಗುವ ಬೀಜಾಣುವಿಗೆ ಆ ಬೆಳಕು ಸಾಲುವುದಿಲ್ಲ. ಆದ್ದರಿಂದ ಹರಿಯುವ ಗಾಳಿಯಲ್ಲಿ ಅದನ್ನು ಕೊಲ್ಲುವುದಕ್ಕಿಂತ ಹಿಡಿಯುವುದೇ ನಂಬಬಹುದಾದ ದಾರಿ ಎಂಬುದು ನನ್ನ ದೃಢ ಅಭಿಪ್ರಾಯ.

ಬೀಜಾಣು ಕಟ್ಟಡದೊಳಗೆ ಒಮ್ಮೆ ಹರಡಿದರೆ ಏನಾಗುತ್ತದೆಂಬುದನ್ನು 2001ರಲ್ಲಿ ಅಮೆರಿಕ ಕಂಡಿತು. ಅಂಚೆ ಲಕೋಟೆಗಳಲ್ಲಿ ಬಂದ ನೆರಡಿ ಪುಡಿಯಿಂದ 22 ಜನರಿಗೆ ಸೋಂಕು ತಗುಲಿ, ಐವರು ಸತ್ತರು. ಸೆನೆಟ್ ಸದಸ್ಯರ ಹಾರ್ಟ್ ಕಚೇರಿ ಕಟ್ಟಡವನ್ನು ಕ್ಲೋರಿನ್ ಡೈಆಕ್ಸೈಡ್ ಅನಿಲದಿಂದ ಶುದ್ಧಗೊಳಿಸಿ ಮತ್ತೆ ತೆರೆಯುವಷ್ಟರಲ್ಲಿ 2002ರ ಜನವರಿ ಬಂದಿತ್ತು.

ನಮ್ಮಲ್ಲಿ ಅಂಥ ದಾಳಿಯ ಭಯಕ್ಕಿಂತ ಶಸ್ತ್ರಚಿಕಿತ್ಸಾ ಕೊಠಡಿಯ ದಿನನಿತ್ಯದ ಗಾಳಿಯೇ ಹೆಚ್ಚು ಮುಖ್ಯ. ಸಾಮಾನ್ಯ ಎಸಿಯ ಜಾಲರಿ ದಪ್ಪ ಧೂಳನ್ನಷ್ಟೇ ತಡೆದು ಒಳಗಿನ ಗಾಳಿಯನ್ನೇ ಮತ್ತೆ ತಿರುಗಿಸುತ್ತದೆ. ಹಾಗೆಂದು ಅದೇ ಯಂತ್ರಕ್ಕೆ ಹೆಪಾ ತುರುಕಿದರೆ ಅದರ ಫ್ಯಾನ್‌ಗೆ ಗಾಳಿಯನ್ನು ತಳ್ಳುವ ಬಲವಿರದೆ, ಕೊಠಡಿಗೆ ಬರುವ ಗಾಳಿಯೇ ಕುಸಿಯುತ್ತದೆ. ಸಂಡೂರಿನಿಂದ ಅದಿರಿನ ಲಾರಿಗಳು ಓಡಾಡುವ ಈ ಸೀಮೆಯ ಕೆಂಧೂಳಿಗೆ ಮುಂದೆ ಒರಟು ಫಿಲ್ಟರ್, ಅದರ ಹಿಂದೆ ಮಧ್ಯಮ ಫಿಲ್ಟರ್, ಕೊನೆಗೆ ಹೆಪಾ ಇರಬೇಕು. ಇಲ್ಲವಾದರೆ ದುಬಾರಿ ಹೆಪಾ ಬೇಗನೆ ಕಟ್ಟಿಕೊಳ್ಳುತ್ತದೆ. ಫಿಲ್ಟರ್‌ನ ಎರಡೂ ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಮಾಪಕವನ್ನು ದಿನವೂ ನೋಡಿ ಬರೆದಿಡಬೇಕು. ಸಿಕ್ಕಿಬಿದ್ದ ಬೀಜಾಣು ಸತ್ತಿರುವುದಿಲ್ಲವಾದ್ದರಿಂದ, ಹಳೆಯ ಫಿಲ್ಟರ್ ತೆಗೆಯುವ ಕೆಲಸಗಾರನಿಗೆ ಮಾಸ್ಕ್, ಕೈಗವಸು ಕೊಟ್ಟು, ಯಂತ್ರ ನಿಲ್ಲಿಸಿ, ಫಿಲ್ಟರನ್ನು ಕೊಡವದೆ ಅಲ್ಲಿಯೇ ಚೀಲದಲ್ಲಿ ಮುಚ್ಚಿ ಹೊರಗೆ ತರಬೇಕು.