ಹಳೆ ಫಿಯೆಟ್‌ಗೆ ಮುಂದೆ ಡಿಸ್ಕ್ ಬ್ರೇಕ್ ಹಾಕಿಸಬೇಕಾ?

ಪ್ರಶ್ನೆ: ಅಜ್ಜನ ಕಾಲದ ಪ್ರೀಮಿಯರ್ ಪದ್ಮಿನಿ, ಅಂದರೆ ಹಳೆ ಫಿಯೆಟ್ ಕಾರು ಇದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಷ್ಟರಲ್ಲಿ ಬ್ರೇಕ್ ಕೈಕೊಡುತ್ತದೆ. ಮುಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸಿದರೆ ಸರಿಹೋಗುತ್ತಾ?

ಮಳೆ ನಿಂತು ಹಳೆ ಗಾಡಿಗಳು ಶೆಡ್ಡಿನಿಂದ ಹೊರಗೆ ಬಂದವು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಫಿಯೆಟ್ ಇರಲಿ, ಅಂಬಾಸಿಡರ್ ಇರಲಿ, ತೋಟದ ಜೀಪ್ ಇರಲಿ, ಕೇಳುವುದು ಇದನ್ನೇ. ಹಾಕಿಸಬಹುದು. ಆದರೆ ಇರುವ ಡ್ರಮ್ಮನ್ನು ಮೊದಲು ಸರಿಮಾಡಿಸಿ, ಆಮೇಲೆ ಡಿಸ್ಕಿನ ಮಾತು. ಡ್ರಮ್ ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿ, ಲೈನರ್ ಅಂಟಿಸಿದ ಶೂಗಳು ಅದನ್ನು ಒಳಗಿನಿಂದ ಒತ್ತಿ ಹಿಡಿಯುತ್ತವೆ. ಡಿಸ್ಕ್ ಅಂದರೆ ತಿರುಗುವ ತಟ್ಟೆ, ಕ್ಯಾಲಿಪರ್ ಅನ್ನುವ ಹಿಡಿ ಅದನ್ನು ಎರಡೂ ಕಡೆಯಿಂದ ಪ್ಯಾಡಿನಲ್ಲಿ ಅಮುಕಿ ಹಿಡಿಯುತ್ತದೆ.

ಈ ಪ್ರಶ್ನೆಯ ಹಿಂದೆ ಯಾವಾಗಲೂ ಒಂದು ನಂಬಿಕೆ ಇರುತ್ತದೆ: ಡಿಸ್ಕ್ ಹಾಕಿದರೆ ಗಾಡಿ ಅರ್ಧ ದೂರಕ್ಕೇ ನಿಲ್ಲುತ್ತದೆ ಅಂತ. ಇಲ್ಲ, ನಿಲ್ಲುವುದಿಲ್ಲ. ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ, ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ. ಕೊನೆಗೆ ಗಾಡಿಯನ್ನು ಹಿಡಿದು ನಿಲ್ಲಿಸುವುದು ಟೈರು. ಚಕ್ರವನ್ನು ಲಾಕ್ ಮಾಡುವಷ್ಟು ಶಕ್ತಿ ನಿಮ್ಮ ಡ್ರಮ್ಮಿಗೆ ಇದೆ ಅಂದರೆ, ಅದಕ್ಕಿಂತ ಜಾಸ್ತಿ ಶಕ್ತಿ ಕೊಟ್ಟರೂ ಟೈರು ಜಾರುತ್ತದೆ ಅಷ್ಟೇ. ಸರಿಯಾಗಿ ಅಡ್ಜಸ್ಟ್ ಮಾಡಿದ ಡ್ರಮ್ಮಿಗೆ ಆ ಶಕ್ತಿ ಇದ್ದೇ ಇರುತ್ತದೆ. ಇನ್ನೊಂದು ವಿಷಯ ಗೊತ್ತಾ? ಡ್ರಮ್ ತಿರುಗುವಾಗ ಮುಂದಿನ ಶೂವನ್ನು ತಾನೇ ಎಳೆದುಕೊಂಡು ಇನ್ನಷ್ಟು ಬಿಗಿ ಮಾಡುತ್ತದೆ, ಹಾಗಾಗಿಯೇ ಬೂಸ್ಟರ್ (ಕಾಲಿನ ಬಲ ಹೆಚ್ಚಿಸಿ ಕೊಡುವ ಸಾಧನ) ಇಲ್ಲದ ಹಳೆ ಗಾಡಿಯನ್ನೂ ಕಾಲಿನ ಬಲದಲ್ಲೇ ನಿಲ್ಲಿಸಲು ಆಗುತ್ತಿತ್ತು. ಡಿಸ್ಕಿಗೆ ಆ ಗುಣ ಇಲ್ಲ. ಬೂಸ್ಟರ್ ಇಲ್ಲದೆ ಡಿಸ್ಕ್ ಕೂರಿಸಿ, 'ಪೆಡಲ್ ಕಲ್ಲಿನ ಹಾಗೆ ಆಗಿದೆ, ಮೊದಲಿಗಿಂತ ಕಡಿಮೆ ಹಿಡಿಯುತ್ತೆ' ಅಂತ ಬರುವವರಿಗೆ ನಾನು ಏನು ಹೇಳಲಿ?

ಹಾಗಾದರೆ ಡಿಸ್ಕ್ ದಂಡವಾ? ಅಲ್ಲ. ಅದು ಗೆಲ್ಲುವುದು ಬಿಸಿಯಲ್ಲಿ ಮತ್ತು ನೀರಿನಲ್ಲಿ. ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ, ನೀರು ಬಿದ್ದರೆ ಪ್ಯಾಡ್ ಒರೆಸಿ ಹಾಕುತ್ತದೆ. 1953ರಲ್ಲಿ ಜಾಗ್ವಾರ್ ಡಿಸ್ಕ್ ಬ್ರೇಕ್ ಇಟ್ಟುಕೊಂಡು ಲೆ ಮಾನ್ಸ್ ರೇಸ್ ಗೆದ್ದಿತು. ಅಲ್ಲಿ 24 ಗಂಟೆ ಓಡಬೇಕು, ಪ್ರತಿ ಸುತ್ತಿನಲ್ಲೂ ಭಾರೀ ವೇಗದಿಂದ ಬ್ರೇಕ್ ಹಿಡಿಯಬೇಕು. ನೀವು ಹೋಗುವುದು ಸುಳ್ಯಕ್ಕೆ.

ಘಾಟಿಯಲ್ಲಿ ಬ್ರೇಕ್ ಹೋಗುತ್ತದೆ ಅಂದಿರಿ, ಹೇಗೆ ಹೋಗುತ್ತದೆ ಅಂತ ಹೇಳಲಿಲ್ಲ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಲೈನರ್ ಕಾದಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಇಳಿದರೆ ಬ್ರೇಕ್ ಆಯಿಲ್ ಕುದ್ದಿರಬಹುದು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಅದು ಗಾಳಿಯ ತೇವ ಹೀರುವ ಎಣ್ಣೆ. ನಮ್ಮ ಕೊಡಗಿನಲ್ಲಿ ಗಾಳಿಯಲ್ಲಿ ತೇವಕ್ಕೇನು ಬರವಾ? ಹಳೆ ಆಯಿಲ್ ಬಿಟ್ಟು ಡಿಸ್ಕ್ ಹಾಕಿದರೂ ಕ್ಯಾಲಿಪರಿನಲ್ಲಿ ಅದೇ ಕಥೆ. ಇನ್ನು, ನ್ಯೂಟ್ರಲ್‌ನಲ್ಲಿ ಇಳಿಯುವವರು ಸುಮ್ನೆ ಬ್ರೇಕಿಗೆ ಬೈಯಬೇಡಿ. ಹತ್ತುವ ಗೇರಿನಲ್ಲೇ ಇಳಿಯಿರಿ, ಅರ್ಧ ಭಾರ ಎಂಜಿನ್ ಹೊತ್ತುಕೊಳ್ಳಲಿ.

ಡ್ರಮ್ ಕೆಲಸ ಅಂದರೆ ಹೊಸ ಲೈನರ್ ಹಾಕಿ ಕಳಿಸುವುದಲ್ಲ. ಡ್ರಮ್ ಅಂಡಾಕಾರ ಆಗಿದ್ದರೆ ಲೇತ್‌ಗೆ ಹೋಗಬೇಕು, ಮಿತಿ ಮೀರಿ ಸವೆದಿದ್ದರೆ ಬೇರೆ ಡ್ರಮ್ಮೇ ಬೇಕು. ಲೈನರಿಗೆ ಸೀಮೆಸುಣ್ಣ ಬಳಿದು ತಿರುಗಿಸಿ ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಅದು ಡ್ರಮ್ಮಿಗೆ ಪೂರ್ತಿ ಕೂತಿಲ್ಲ. ಶೂವನ್ನು ತಳ್ಳುವ ವೀಲ್ ಸಿಲಿಂಡರ್ ಸೋರಿ ಲೈನರ್ ನೆನೆದಿದ್ದರೆ ಒರೆಸಿ ಹಾಕಬೇಡಿ, ಎರಡೂ ಕಡೆ ಬದಲಾಯಿಸಿ, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಇಷ್ಟಾದ ಮೇಲೂ ಡಿಸ್ಕೇ ಬೇಕಾ? ಆಗ ಪೆಡಲ್ ತುಳಿದರೆ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಬಗ್ಗೆ ಕೇಳದೆ ಗಾಡಿ ಬಿಡಬೇಡಿ. ಡ್ರಮ್ಮಿನ ಪೈಪಿನಲ್ಲಿ ಸ್ವಲ್ಪ ಪ್ರೆಷರ್ ಹಿಡಿದಿಡುವ ಒಂದು ವಾಲ್ವ್ ಇರುತ್ತದೆ. ಅದು ಹಾಗೇ ಉಳಿದರೆ ಪ್ಯಾಡ್ ಡಿಸ್ಕನ್ನು ಬಿಡುವುದೇ ಇಲ್ಲ, ಉಜ್ಜಿಕೊಂಡೇ ಕಾಯುತ್ತದೆ. ಕ್ಯಾಲಿಪರಿಗೆ ಆಯಿಲೂ ಜಾಸ್ತಿ ಬೇಕು. ಹಿಂದಿನ ಡ್ರಮ್ಮಿನ ಜೊತೆ ಹೊಂದಾಣಿಕೆ ತಪ್ಪಿದರೆ ಮಳೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗೀತು. ರಿಮ್ಮಿನೊಳಗೆ ಕ್ಯಾಲಿಪರ್ ಹಿಡಿಯುತ್ತದಾ ಅಂತ ದುಡ್ಡು ಕೊಡುವ ಮೊದಲೇ ಅಳೆಯಿರಿ.

ಯಾರೂ ಕೇಳಿಲ್ಲ, ಆದರೂ ಹ್ಯಾಂಡ್ ಬ್ರೇಕ್ ವಿಷಯ ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಶೆಡ್ಡಿಗೆ ಹಾಕಿದ ಗಾಡಿ ಸೆಪ್ಟೆಂಬರ್‌ನಲ್ಲಿ ಅಲ್ಲಾಡುವುದಿಲ್ಲ, ಹಿಂದಿನ ಲೈನರ್ ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿಕೊಂಡಿರುತ್ತದೆ. ಕ್ಲಚ್ ಬಿಟ್ಟು ಜಗ್ಗಬೇಡಿ, ಲೈನರ್ ಕಿತ್ತು ಬರುತ್ತದೆ. ಗಾಡಿಯನ್ನು ಜಾಕಿ ಕೊಟ್ಟು ಎತ್ತಿ, ಭದ್ರವಾಗಿ ಸ್ಟ್ಯಾಂಡ್ ಇಟ್ಟು, ಅಡ್ಜಸ್ಟರ್ ಸಡಿಲಿಸಿ, ಡ್ರಮ್ಮಿನ ಸುತ್ತ ಮೆಲ್ಲಗೆ ತಟ್ಟಿ. ಮುಂದಿನ ಮಳೆಗೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಸಾಕು.