ತಾತನ ಡ್ರಮ್ಸ್ ಸಿಕ್ಕಿದರೆ ಸಾಕಾ?

ಡ್ರಮ್ಸ್ ಕ್ಲಾಸಿಗೆ ಹೊಸ ಮಗು ಸೇರುವ ದಿನ ಒಂದು ಮಾತು ಬಂದೇ ಬರುತ್ತದೆ. ಅದಕ್ಕೆ ಎರಡು ವೇಷ. ಒಂದು: "ನಮ್ಮನೇಲಿ ಯಾರೂ ಸಂಗೀತ ಕಲಿತವರಿಲ್ಲ ಸಾರ್, ಇವನಿಗೆ ಬರುತ್ತಾ?" ಇನ್ನೊಂದು: "ಇವಳ ತಾತ ಭಜನೆಗೆ ತಬಲಾ ಬಾರಿಸ್ತಿದ್ರು ಸಾರ್. ರಕ್ತದಲ್ಲೇ ಇದೆ. ನೀವು ಸ್ವಲ್ಪ ದಾರಿ ತೋರಿಸಿದ್ರೆ ಸಾಕು." ಮೊದಲನೆಯವರು ಸ್ವಲ್ಪ ದಿನ ನೋಡಿ ಕೈಬಿಡುತ್ತಾರೆ. ಎರಡನೆಯವರು ಮಗುವಿಗೆ ಎಲ್ಲ ತಾನಾಗೇ ಬರುತ್ತದೆ ಅಂತ ಸುಮ್ನೆ ಕೂರುತ್ತಾರೆ. ಇಬ್ಬರ ನಂಬಿಕೆಯೂ ಒಂದೇ. ತಾಳ ಅನ್ನುವುದು ರಕ್ತದಲ್ಲಿ ಹರಿದು ಬರಬೇಕು.

ರಕ್ತದಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಬೇರೆ. ನಾನು ಹೇಳಬಹುದಾದದ್ದು ಕ್ಲಾಸಿನಲ್ಲಿ ಕಂಡದ್ದನ್ನು ಮಾತ್ರ. ಸಂಗೀತದ ಮನೆಯ ಮಕ್ಕಳು ಕೆಲವರು ಮುಂದಿರುತ್ತಾರೆ, ನಿಜ. ಆದರೆ ಅವರ ಕೈ ಬೇರೆ ಮಕ್ಕಳ ಕೈಯಷ್ಟೇ ಒರಟು. ಸ್ಟಿಕ್ ಹಿಡಿಯಲು ಅವರಿಗೂ ಅಷ್ಟೇ ದಿನ ಬೇಕು. ಅವರು ಮುಂದಿರುವುದು ಕೇಳುವುದರಲ್ಲಿ. ಅಪ್ಪ ಅಮ್ಮಂದಿರಿಗೆ ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ರಕ್ತದ ವಾದಕ್ಕೆ ಸಾಕ್ಷಿ ಬೇಕಾದವರು ಜಾಝ್ ಡ್ರಮ್ಮರ್ ಟೆರಿ ಲಿನ್ ಕ್ಯಾರಿಂಗ್ಟನ್ ಅವರ ಹೆಸರು ಹೇಳುತ್ತಾರೆ. ಮೇಲ್ನೋಟಕ್ಕೆ ಒಳ್ಳೆಯ ಸಾಕ್ಷಿಯೇ. ಆಕೆ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಬಾಸ್ಟನ್ ಪಕ್ಕದ ಮೆಡ್‌ಫರ್ಡ್‌ನಲ್ಲಿ. ತಾತ ಮ್ಯಾಟ್ ಕ್ಯಾರಿಂಗ್ಟನ್ ಡ್ರಮ್ಮರ್. ಫ್ಯಾಟ್ಸ್ ವಾಲರ್, ಚೂ ಬೆರಿ ಅಂಥ ಹೆಸರಾಂತ ಜಾಝ್ ಕಲಾವಿದರ ಜೊತೆ ನುಡಿಸಿದ್ದವರು. ಏಳನೇ ವಯಸ್ಸಿಗೆ ತಾತನ ಡ್ರಮ್ಸ್ ಮೊಮ್ಮಗಳ ಕೈಗೆ ಬಂತು. ಹತ್ತಕ್ಕೆ ತುತ್ತೂರಿ ವಾದಕ ಕ್ಲಾರ್ಕ್ ಟೆರಿ ಜೊತೆ ವೇದಿಕೆ. ಹನ್ನೊಂದಕ್ಕೆ ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನ ಪೂರ್ತಿ ವಿದ್ಯಾರ್ಥಿವೇತನ. ಮುಂದೆ 2014ರಲ್ಲಿ, ಜಾಝ್ ವಾದ್ಯ ಸಂಗೀತದ ಅತ್ಯುತ್ತಮ ಆಲ್ಬಂಗೆ ಕೊಡುವ ಗ್ರ್ಯಾಮಿ ಗೆದ್ದ ಮೊದಲ ಮಹಿಳೆಯೂ ಆಕೆಯೇ. ಇಷ್ಟು ಕೇಳಿದವರು "ನೋಡಿ ಸಾರ್, ತಾತನ ರಕ್ತ" ಅನ್ನದೆ ಇನ್ನೇನು ಅಂತಾರೆ?

ಆದರೆ ಕತೆಯ ಒಂದು ಸಣ್ಣ ತುಂಡನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಆ ಮಗು ಮೊದಲು ಹಿಡಿದದ್ದು ಡ್ರಮ್ಸ್ ಅಲ್ಲ, ಸ್ಯಾಕ್ಸೊಫೋನ್. ಅಪ್ಪ ಸನ್ನಿ ಕ್ಯಾರಿಂಗ್ಟನ್ ನುಡಿಸುತ್ತಿದ್ದ ವಾದ್ಯ ಅದು. ಅಷ್ಟರಲ್ಲಿ ಹಾಲುಹಲ್ಲು ಬಿದ್ದವು. ಮುಂದಿನ ಹಲ್ಲಿಲ್ಲದೆ ಸ್ಯಾಕ್ಸೊಫೋನ್ ಊದುವುದು ಹೇಗೆ? ಹಾಗಾಗಿ ಮನೆಯಲ್ಲೇ ಇದ್ದ ಡ್ರಮ್ಸ್. ಹಲ್ಲು ಇನ್ನೊಂದಷ್ಟು ದಿನ ತಡೆದಿದ್ದರೆ ಇವತ್ತು ಇದೇ ಜನ ಅಪ್ಪನ ರಕ್ತ ಅನ್ನುತ್ತಿದ್ದರು.

ಅಪ್ಪನ ಬಗ್ಗೆ ಇನ್ನೂ ಒಂದು ಮಾತಿದೆ. ಅವರು ಬಾಸ್ಟನ್ ಜಾಝ್ ಸೊಸೈಟಿಯ ಅಧ್ಯಕ್ಷರಾಗಿದ್ದವರು. ಊರಿಗೆ ಬರುವ ಕಲಾವಿದರ ಒಡನಾಟ ಇದ್ದವರು. ಮಗಳನ್ನು ಅವರೆದುರು ಕೂರಿಸಿದರು, ಅವಕಾಶ ಸಿಕ್ಕಲ್ಲಿ ಅವರ ಜೊತೆ ನುಡಿಸಲು ಬಿಟ್ಟರು. ತಾತನ ಡ್ರಮ್ಸ್ ಮೂಲೆಯಲ್ಲಿ ಧೂಳು ತಿನ್ನುತ್ತಾ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಅದರ ಸುತ್ತ ಒಂದು ಮನೆ ಸಂಗೀತ ಕೇಳುತ್ತಿತ್ತು.

ಮಗಳಿಗೆ ಸರಿಯಾದ ಮೇಷ್ಟ್ರೂ ಸಿಕ್ಕರು. ಅವರು ಅಲನ್ ಡಾಸನ್. 1957ರಿಂದ 1975ರವರೆಗೆ ಬರ್ಕ್ಲಿಯಲ್ಲಿ ಕಲಿಸಿದವರು. ಬೆನ್ನುನೋವು ಜಾಸ್ತಿಯಾದ ಮೇಲೆ ಊರೂರು ತಿರುಗುವುದು ಬಿಟ್ಟು ಲೆಕ್ಸಿಂಗ್ಟನ್‌ನ ತಮ್ಮ ಮನೆಯಲ್ಲೇ ಪಾಠ ಹೇಳಿದವರು. ಡ್ರಮ್ಸ್ ಲೋಕದಲ್ಲಿ ಅವರ ಶಿಷ್ಯರ ಪಟ್ಟಿ ದೊಡ್ಡದು. ನಾನು ಅವರ ಶಿಷ್ಯನಲ್ಲ. ಆದರೆ ಅವರ ಪಾಠದ ಕ್ರಮ ಕೈಯಿಂದ ಕೈಗೆ ದಾಟಿ ನನ್ನಂಥವರವರೆಗೂ ಬಂದಿದೆ. ಕೈಗೆ ಅವರು ಕೊಡುತ್ತಿದ್ದ ಸಾಧನೆ ಕಠಿಣ. ಕೈಯಲ್ಲಿ ಸ್ಟಿಕ್ ಬದಲು ತಂತಿಯ ಬ್ರಷ್, ಕಾಲಲ್ಲಿ ಬಿಡದೆ ಬ್ರೆಜಿಲ್‌ನ ಸಾಂಬಾ ಲಯ, ಅದರ ಮೇಲೆ ಒಂದಾದ ಮೇಲೊಂದು ರೂಡಿಮೆಂಟ್, ಅಂದರೆ ಡ್ರಮ್ಸಿನ ಮೂಲ ಪಾಠದ ಪೆಟ್ಟುಗಳು. ಬ್ರಷ್ ಯಾಕೆ ಅಂದರೆ ಸ್ಟಿಕ್ ಪುಟಿದು ಮೇಲೆ ಬರುತ್ತದೆ, ಬ್ರಷ್ ಅಷ್ಟು ಪುಟಿಯುವುದಿಲ್ಲ. ಎತ್ತುವ ಕೆಲಸ ಕೈಯೇ ಮಾಡಬೇಕು. ಇದನ್ನು ಯೂಟ್ಯೂಬ್‌ನಲ್ಲಿ ನೋಡಿ ಮಕ್ಕಳು ಬೇಗ ಕಲಿಯುತ್ತಾರೆ, ತೊಂದರೆಯಿಲ್ಲ. ನನ್ನ ತಕರಾರು ಇದರ ಜೊತೆಗಿದ್ದ ಇನ್ನೊಂದು ಪಾಠವನ್ನು ಬಿಡುವ ಬಗ್ಗೆ. ಡಾಸನ್ ಶಿಷ್ಯರು ನುಡಿಸುವಾಗ ಬಾಯಲ್ಲಿ ಹಾಡಬೇಕಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ "ಅದು ನಮ್ಮ ಕೊನ್ನಕೋಲೇ ಅಲ್ವಾ ಸಾರ್?" ಅನ್ನುವವರು ಇದ್ದೇ ಇರುತ್ತಾರೆ. ಅಲ್ಲ. ಕೊನ್ನಕೋಲ್‌ನಲ್ಲಿ ಬಾಯಿ ಹೇಳುವುದು ಲಯದ ಸೊಲ್ಲನ್ನು, ಕೈ ನುಡಿಸಬಹುದಾದ್ದನ್ನೇ. ಡಾಸನ್ ಪಾಠದಲ್ಲಿ ಬಾಯಿ ಹಾಡುವುದು ಹಾಡಿನ ಮಟ್ಟನ್ನು. ಅದು ಸ್ಯಾಕ್ಸೊಫೋನ್‌ನವರು ನುಡಿಸುವ ಮಟ್ಟು, ಡ್ರಮ್ಮರ್ ಪಾಲಿನದಲ್ಲ. ಅದೇ ಹೊತ್ತಿಗೆ ಕೈ ಟೆಡ್ ರೀಡ್ ಅವರ ಡ್ರಮ್ಸ್ ಅಭ್ಯಾಸದ ಪುಸ್ತಕದಿಂದ ಬೇರೇನೋ ನುಡಿಸುತ್ತಿರಬೇಕು. ಕೃತಿಗೆ ನುಡಿಸುವ ಒಳ್ಳೆಯ ಮೃದಂಗದವರಿಗೆ ಆ ಕೃತಿಯೇ ಬಾಯಿಗೆ ಬರುತ್ತದಲ್ಲ, ಇದು ಅದಕ್ಕೆ ಹತ್ತಿರ.

ಯಾಕೆ ಬೇಕು ಇದು? ಜಾಝ್‌ನ ಹಳೆಯ ಹಾಡುಗಳಲ್ಲಿ ಬಹಳಷ್ಟು 32 ಬಾರ್‌ನವು. ಬಾರ್ ಅಂದರೆ ನಮ್ಮ ಆವರ್ತನದ ಹಾಗೆ, ಎಣಿಕೆಯ ಒಂದು ಸಣ್ಣ ಸುತ್ತು. 8 ಬಾರ್‌ನ ಒಂದು ಭಾಗ. ಅದೇ ಇನ್ನೊಂದು ಸಲ. ಆಮೇಲೆ 8 ಬಾರ್ ಬೇರೆ ಭಾಗ. ಕೊನೆಗೆ ಮೊದಲ ಭಾಗ ವಾಪಸ್. ಅಲ್ಲಿಗೆ ಒಂದು ಸುತ್ತು. ಇದಾದ ಮೇಲೆ ಒಬ್ಬೊಬ್ಬರೂ ಅದೇ 32 ಬಾರ್ ಮೇಲೆ ತಮ್ಮ ಮನೋಧರ್ಮ ನುಡಿಸುತ್ತಾರೆ. ಆಗ ಮೂಲ ಮಟ್ಟನ್ನು ಯಾರೂ ನುಡಿಸುತ್ತಿರುವುದಿಲ್ಲ. ಆದರೂ ಅದು ಎಲ್ಲರ ತಲೆಯಲ್ಲೂ ಓಡುತ್ತಿರುತ್ತದೆ. ಡ್ರಮ್ಮರ್ ತಲೆಯಲ್ಲಿ ಓಡದಿದ್ದರೆ ಅವನು ಎಣಿಸಬೇಕಾಗುತ್ತದೆ. ಎಣಿಸುವವನು ಎಲ್ಲೋ ಒಂದು ಕಡೆ ತಪ್ಪುತ್ತಾನೆ. ತಪ್ಪದಿದ್ದರೂ ಎಣಿಸುವುದರಲ್ಲೇ ಮುಳುಗಿ ಬೇರೆಯವರನ್ನು ಕೇಳಿಸಿಕೊಳ್ಳುವುದಿಲ್ಲ. ಪಿಯಾನೊದವರು ಮೆಲ್ಲಗೆ ಹೋದಾಗ ಇವನು ಗುದ್ದುತ್ತಿರುತ್ತಾನೆ. ಭಾಗ ಬದಲಾಗುವ ಮುನ್ನ ಒಂದು ಸುಳಿವು ಕೊಡಬೇಕಿತ್ತು, ಅದು ಬದಲಾದ ಮೇಲೆ ಬರುತ್ತದೆ. ಡ್ರಮ್ ಸೋಲೋ ಬಂದಾಗಲಂತೂ ಇನ್ನೂ ಕಷ್ಟ. ಸೋಲೋದಲ್ಲೂ ಹಾಡು ನಿಂತಿರುವುದಿಲ್ಲ. 32 ಮುಗಿದ ತಕ್ಷಣ ಉಳಿದವರು ಒಟ್ಟಿಗೆ ಒಳಗೆ ಬರಬೇಕು. ಅವರು ಬರುವುದು ಇವನ ನುಡಿಸಾಣಿಕೆಯೊಳಗೆ ಹಾಡು ಕೇಳಿಸಿದರೆ ಮಾತ್ರ.

ಆದ್ದರಿಂದ ಡ್ರಮ್ಮರ್‌ಗೆ ಹಾಡು ಬರಬೇಕು. ಕಂಠ ಚೆನ್ನಾಗಿರಬೇಕು ಅಂತಲ್ಲ. ನನ್ನ ಕಂಠ ಕೇಳಿದವರಿಗೆ ಇದು ಗೊತ್ತು. ಮೊದಲಿಂದ ಕೊನೆಯವರೆಗೆ ಗುನುಗಲು ಬಂದರೆ ಸಾಕು. ಸಂಗೀತದ ಮನೆಯಲ್ಲಿ ಮಕ್ಕಳಿಗೆ ಪುಕ್ಕಟೆಯಾಗಿ ಸಿಗುವುದು ಇದೇ. ಅಡುಗೆಮನೆಯಲ್ಲಿ ಒಬ್ಬರು ಗುನುಗುತ್ತಾರೆ, ಹಾಲ್‌ನಲ್ಲಿ ಇನ್ನೊಬ್ಬರು ರೆಕಾರ್ಡ್ ಹಾಕಿರುತ್ತಾರೆ. ಮಗುವಿಗೆ ಸಾವಿರ ಹಾಡಿನ ಆಕಾರ ಗೊತ್ತಾಗಿರುತ್ತದೆ. ಗೊತ್ತಾಗಿದೆ ಅನ್ನುವುದೂ ಅದಕ್ಕೆ ಗೊತ್ತಿರುವುದಿಲ್ಲ. ನಾವು ಅದನ್ನು ರಕ್ತ ಅನ್ನುತ್ತೇವೆ.

ಡಾಸನ್ ಅವರ ಇನ್ನೊಬ್ಬ ಶಿಷ್ಯ ಟೋನಿ ವಿಲಿಯಮ್ಸ್. 1945ರಲ್ಲಿ ಶಿಕಾಗೋದಲ್ಲಿ ಹುಟ್ಟಿ ಬಾಸ್ಟನ್‌ನಲ್ಲಿ ಬೆಳೆದ ಹುಡುಗ. ಅಪ್ಪ ಟಿಲ್‌ಮನ್ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ಮಗನನ್ನು ಕ್ಲಬ್‌ಗಳಿಗೆ ಕರೆದುಕೊಂಡು ಹೋಗಿ ಕೂರಿಸುತ್ತಿದ್ದರು. ಕೂತು ನೋಡುತ್ತಿದ್ದ ಹುಡುಗ ಒಂದು ದಿನ ನಾನೂ ನುಡಿಸಲಾ ಅಂದ. ಆಮೇಲೆ ಡಾಸನ್ ಸಿಕ್ಕರು. ಅವರು ಪಾಠ ಹೇಳಿ ಕೈತೊಳೆದುಕೊಳ್ಳಲಿಲ್ಲ. ತಾವು ನುಡಿಸಲು ಹೋಗುವಾಗ ದಾರಿ ಸುತ್ತಿ ಬಾಸ್ಟನ್‌ನ ರಾಕ್ಸ್‌ಬರಿಗೆ ಬಂದು, ಹುಡುಗನನ್ನು ಕಾರಿನಲ್ಲಿ ಕೂರಿಸಿಕೊಂಡು ಪಕ್ಕದ ಕೇಂಬ್ರಿಜ್‌ಗೆ ಹೋಗಿ, ಅಲ್ಲಿ ತಮ್ಮ ತಂಡದ ಜೊತೆ ನುಡಿಸಲು ಬಿಟ್ಟು, ವಾಪಸ್ ಮನೆಗೆ ತಂದು ಬಿಡುತ್ತಿದ್ದರು. ಟೋನಿ ಹದಿನೇಳಕ್ಕೆ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ತಂಡ ಸೇರಿದರು. ಬಾಲಪ್ರತಿಭೆ ಅಂತ ಲೋಕ ಬೆರಗಾಯಿತು. ಆ ಕಾರಿನ ಓಡಾಟದ ಬಗ್ಗೆ ಯಾರೂ ಬೆರಗಾಗಲಿಲ್ಲ. ಗುರು ಶಿಷ್ಯರಿಬ್ಬರೂ ತೀರಿಕೊಂಡದ್ದು ಫೆಬ್ರವರಿ 23ರಂದೇ. ಡಾಸನ್ 1996ರಲ್ಲಿ, ಟೋನಿ ಮರುವರ್ಷ. ಸುಮ್ನೆ ಕಾಕತಾಳೀಯ, ಆದರೂ ಹೇಳಬೇಕು ಅನಿಸಿತು.

ಡ್ರಮ್ಮರ್ ರಾಯ್ ಹೇನ್ಸ್ ಅವರ ಮನೆ ನೋಡಿದರೆ ನನ್ನ ವಾದ ಸ್ವಲ್ಪ ಅಲುಗಾಡುತ್ತದೆ, ಒಪ್ಪುತ್ತೇನೆ. ಅವರೂ ಅದೇ ರಾಕ್ಸ್‌ಬರಿಯವರು. 1925ರಲ್ಲಿ ಹುಟ್ಟಿ, 2024ರ ನವೆಂಬರ್‌ನಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು. ಚಾರ್ಲಿ ಪಾರ್ಕರ್, ಸಾರಾ ವಾನ್ ಅಂಥವರ ಜೊತೆ ನುಡಿಸಿದವರು. ಒಬ್ಬ ಮಗ ಕ್ರೇಗ್ ಡ್ರಮ್ಸ್ ಹಿಡಿದರು, ಇನ್ನೊಬ್ಬ ಮಗ ಗ್ರಹಾಂ ತುತ್ತೂರಿ ಜಾತಿಯ ಕಾರ್ನೆಟ್ ವಾದ್ಯ ಹಿಡಿದರು. ಮಗಳ ಮಗ ಮಾರ್ಕಸ್ ಗಿಲ್ಮೋರ್‌ಗೆ ಹತ್ತರ ಸುಮಾರಿಗೆ ತಾತನೇ ಡ್ರಮ್ಸ್ ಕೊಟ್ಟರು. ಇವತ್ತು ಮಾರ್ಕಸ್ ತಮ್ಮ ಪೀಳಿಗೆಯ ಹೆಸರಾಂತ ಡ್ರಮ್ಮರ್‌ಗಳಲ್ಲಿ ಒಬ್ಬರು. ಇಂಥ ಮನೆ ತೋರಿಸಿ ರಕ್ತ ಅಂದರೆ ಬಾಯಿ ಮುಚ್ಚಿಸುವುದು ಕಷ್ಟ.

ಆದರೆ ಅದೇ ಮಾರ್ಕಸ್, ಅಷ್ಟು ಹೆಸರು ಮಾಡಿದ ಮೇಲೂ, 2018-19ರಲ್ಲಿ ರೋಲೆಕ್ಸ್ ಗುರು-ಶಿಷ್ಯ ಯೋಜನೆಯಲ್ಲಿ ಜಾಕಿರ್ ಹುಸೇನ್ ಅವರ ಬಳಿ ಶಿಷ್ಯರಾಗಿ ಕೂತರು. ಜಾಕಿರ್ ತಮ್ಮ ಅಪ್ಪನ ಬಗ್ಗೆ ಹೇಳುತ್ತಿದ್ದ ಮಾತು ನಿಮಗೂ ಗೊತ್ತಿರಬಹುದು. ಹುಟ್ಟಿದ ಕೂಸನ್ನು ಮನೆಗೆ ತಂದಾಗ ಉಸ್ತಾದ್ ಅಲ್ಲಾ ರಖಾ ಅದರ ಕಿವಿಯಲ್ಲಿ ಪ್ರಾರ್ಥನೆಯ ಬದಲು ತಬಲಾ ಬೋಲ್ ಹೇಳಿದರು. ಇನ್ನು ಆ ಅಲ್ಲಾ ರಖಾ? ಅವರು ಜಮ್ಮು ಕಡೆಯ ರೈತರ ಮನೆಯ ಹುಡುಗ. ತಬಲಾ ಕಲಿತದ್ದು ಮಿಯಾ ಕಾದರ್ ಬಕ್ಷ್ ಅವರ ಹತ್ತಿರ. ಯಾವ ಮನೆತನ ಹಿಡಿದು ಹಿಂದಕ್ಕೆ ಹೋದರೂ ಸ್ವಲ್ಪ ದೂರದಲ್ಲಿ ಸಂಗೀತವೇ ಇಲ್ಲದ ಮನೆಯಿಂದ ಬಂದ ಒಬ್ಬರು ಸಿಗುತ್ತಾರೆ.

ನಮ್ಮೂರಿನ ನಂಟಿರುವ ಒಬ್ಬರನ್ನೂ ನೆನೆಯುತ್ತೇನೆ. ಚಾರ್ಲಿ ಮರಿಯಾನೊ. ಇಟಲಿಯಿಂದ ವಲಸೆ ಬಂದವರ ಮಗ, ಬಾಸ್ಟನ್‌ನಲ್ಲೇ ಹುಟ್ಟಿದ ಸ್ಯಾಕ್ಸೊಫೋನ್ ವಾದಕ, ಬರ್ಕ್ಲಿಯಲ್ಲಿ ಪಾಠವನ್ನೂ ಹೇಳಿದ್ದವರು. ಆಮೇಲೆ ನಾಗಸ್ವರದ ಹುಚ್ಚು ಹತ್ತಿಸಿಕೊಂಡರು. ಬೆಂಗಳೂರಿನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸೇರಿ 1983ರಲ್ಲಿ ರೆಕಾರ್ಡ್ ತಂದರು. ರಮಾಮಣಿ ಹಾಡು, ಮರಿಯಾನೊ ಸ್ಯಾಕ್ಸೊಫೋನ್, ಕೊಳಲು, ಮಣಿ ಮೃದಂಗ. ಮರಿಯಾನೊ ರಕ್ತದಲ್ಲಿ ಆದಿತಾಳ ಎಲ್ಲಿಂದ ಬಂದಿತ್ತು ಅಂತ ಯಾರಾದರೂ ಹೇಳಿದರೆ ನಾನು ಈ ಅಂಕಣ ವಾಪಸ್ ತೆಗೆದುಕೊಳ್ಳುತ್ತೇನೆ.

ಈಗ ನಮ್ಮ ಮನೆಗಳ ವಿಷಯ. ಅಪಾರ್ಟ್‌ಮೆಂಟ್‌ನಲ್ಲಿ ಪಕ್ಕದವರಿಗೆ ತೊಂದರೆ ಬೇಡ ಅಂತ ಒಬ್ಬ ತಂದೆ ಮಗನಿಗೆ ದುಬಾರಿ ಎಲೆಕ್ಟ್ರಾನಿಕ್ ಕಿಟ್ ಕೊಡಿಸಿದರು. ಬಾಗಿಲು ಹಾಕಿ ಹುಡುಗ ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತಾನೆ. ಮನೆಯವರಿಗೆ ಕೇಳುವುದು ರಬ್ಬರಿನ ಮೇಲೆ ಟಪಟಪ ಅಷ್ಟೇ. ವರ್ಷ ಕಳೆದ ಮೇಲೆ ಬಂದು "ನಿಜ ಹೇಳಿ ಸಾರ್, ಇವನಲ್ಲಿ ಟ್ಯಾಲೆಂಟ್ ಇದೆಯಾ?" ಅಂದರು. ಯಾವ ಹಾಡಿಗೆ ನುಡಿಸುತ್ತಿದ್ದಾನೆ ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಹುಡುಗನಿಗೆ ಆ ಹಾಡು ಗುನುಗು ಅಂದೆ. ಎರಡು ಸಾಲಾದ ಮೇಲೆ ಮುಂದೆ ಹೋಗಲಿಲ್ಲ. ಕೈ ಮಾತ್ರ ಅದ್ಭುತ! ಟ್ಯಾಲೆಂಟ್ ಬಗ್ಗೆ ನಾನೇನು ಹೇಳಲಿ? ಆ ಹುಡುಗನ ಸಂಗೀತವನ್ನು ಮನೆಯಲ್ಲಿ ಒಬ್ಬರೂ ಕೇಳಿಯೇ ಇರಲಿಲ್ಲ.

ಇನ್ನೊಂದು ಮಗುವನ್ನು ಕರೆದುಕೊಂಡು ಬರುವುದು ಅವಳ ಅಜ್ಜಿ. ಅಜ್ಜಿಗೆ ಜಾಝ್ ಗಂಧಗಾಳಿ ಇಲ್ಲ. ಹಳೆಯ ಸಿನಿಮಾ ಹಾಡು ಅಂದರೆ ಜೀವ. ಕ್ಲಾಸಿನ ಮೂಲೆಯಲ್ಲಿ ಕೂತು ಮೊಮ್ಮಗಳು ನುಡಿಸುವಾಗ ಜೊತೆಗೆ ಗುನುಗುತ್ತಾರೆ. ಒಂದು ಸಲ ಜೋರಾಗಿ "ಚರಣ ಬಂತು ಕಣೇ, ಏನ್ ಮಾಡ್ತಿದ್ದೀಯ?" ಅಂದುಬಿಟ್ಟರು. ಹುಡುಗಿ ನಕ್ಕಳು, ಆದರೆ ಮುಂದಿನ ಚರಣಕ್ಕೆ ಸರಿಯಾಗಿ ಬಂದಳು. ನನ್ನ ಅರ್ಧ ಸಂಬಳ ಅಜ್ಜಿಗೆ ಹೋಗಬೇಕು.

ಹುಡುಗಿಯರು ಡ್ರಮ್ಸಿಗೆ ಬರುವುದೇ ಕಡಿಮೆ, ಬಂದವರನ್ನು "ಹುಡುಗಿಗೆ ಇದ್ಯಾಕೆ" ಅನ್ನುವವರು ಇನ್ನೂ ಇದ್ದಾರೆ. ಕ್ಯಾರಿಂಗ್ಟನ್ 2018ರಲ್ಲಿ ಬರ್ಕ್ಲಿಯಲ್ಲಿ ಜಾಝ್ ಮತ್ತು ಲಿಂಗ ನ್ಯಾಯಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. 2022ರಲ್ಲಿ ಮಹಿಳೆಯರೇ ರಚಿಸಿದ 101 ಹಾಡುಗಳ ಸ್ವರಲಿಪಿ ಪುಸ್ತಕ ತಂದರು. ಅವರಿಗೆ ಅಪ್ಪ ಬಾಗಿಲು ತೆಗೆದಿದ್ದರು. ಅಪ್ಪ ಇಲ್ಲದ ಕಡೆ ಯಾರು ತೆಗೆಯಬೇಕು ಅನ್ನುವುದಕ್ಕೆ ಅವರು ಮಾಡಿದ ಏರ್ಪಾಡು ಇದು.

ನಾನು ಅಪ್ಪ ಅಮ್ಮಂದಿರನ್ನು ಕೇಳುವುದು ಸಣ್ಣ ಕೆಲಸ. ವಾರಕ್ಕೆ ಒಂದೇ ಹಾಡು. ಕನ್ನಡದ್ದೋ, ಜಾಝೋ, ಯಾವುದಾದರೂ ಸರಿ. ದಿನಾ ಸಂಜೆ ಸ್ಪೀಕರ್‌ನಲ್ಲಿ ಹಾಕಿ, ಮಗುವಿನ ಜೊತೆ ನೀವೂ ಕೂತು ಕೇಳಿ. ವಾರದ ಕೊನೆಗೆ ಇಬ್ಬರೂ ಪೂರ್ತಿ ಗುನುಗುವಂತಿರಬೇಕು. ಕ್ಲಾಸಿಗೆ ಬಂದಾಗ ಮೊದಲು ಅದನ್ನೇ ಕೇಳುತ್ತೇನೆ, ಬೇಕಾದರೆ ನಿಮ್ಮನ್ನೂ ಕೇಳುತ್ತೇನೆ. ಹೆಡ್‌ಫೋನ್ ಬೇಡವೇ ಬೇಡ ಅನ್ನುತ್ತಿಲ್ಲ, ರಾತ್ರಿ ಅಭ್ಯಾಸಕ್ಕೆ ಬೇರೆ ದಾರಿಯಿಲ್ಲ. ಸದ್ದು ಮಾತ್ರ ಕಡಿಮೆ ಇಡಿ. ನಿಜವಾದ ಡ್ರಮ್ಸ್ ಚಿಕ್ಕ ಕೋಣೆಯಲ್ಲಿದ್ದರೆ ಮಗುವಿಗೆ ಇಯರ್ ಪ್ಲಗ್ ಕೊಡಿಸಿ, ಕಿವಿಯಲ್ಲಿ ಗುಂಯ್‌ಗುಡುತ್ತದೆ ಅಂದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಗ್ರೇಡ್ ಪರೀಕ್ಷೆಯ ಅರ್ಜಿ ಮುಂದಿನ ವರ್ಷ ಹಾಕಿದರೂ ನಡೆಯುತ್ತದೆ.